ಸ್ಪೀಕರ್ ಗಟ್ಟಿಮುಟ್ಟು, ಆ್ಯಪ್ ಪೀಕಲಾಟ

2024ರ ಮೇ 7ರಂದು ಅಮೆರಿಕದ ಸೋನೋಸ್ ಕಂಪನಿ ತನ್ನ ಮೊಬೈಲ್ ಆ್ಯಪನ್ನು ಬುಡದಿಂದ ತಿರುಗಿ ಬರೆದು ಗ್ರಾಹಕರಿಗೆ ಕೊಟ್ಟಿತು. ವೈ-ಫೈ ಮೂಲಕ ಮನೆಯ ಕೋಣೆ ಕೋಣೆಯಲ್ಲೂ ಒಂದೇ ಹಾಡನ್ನು ಒಟ್ಟಿಗೆ ನುಡಿಸುವ ಸ್ಪೀಕರ್‌ಗಳಿಗೆ ಹೆಸರಾದ ಕಂಪನಿ ಅದು; ಇಡೀ ಮನೆಗೆ ಹಾಕಿಸಿಕೊಂಡವರು ಸಾವಿರಾರು ಡಾಲರ್ ಸುರಿದಿದ್ದರು. ಹೊಸ ಆ್ಯಪ್‌ನಲ್ಲಿ ಸ್ಲೀಪ್ ಟೈಮರ್ ಇರಲಿಲ್ಲ, ಅಲಾರಂ ಬದಲಿಸಲು ಬರುತ್ತಿರಲಿಲ್ಲ, ಹಾಡುಗಳ ಸರದಿಯನ್ನು ತಿದ್ದುವಂತಿರಲಿಲ್ಲ. ಕಣ್ಣು ಕಾಣದವರು ನೆಚ್ಚಿಕೊಂಡ ಸ್ಕ್ರೀನ್ ರೀಡರ್ ಸೌಲಭ್ಯವೂ ಹದಗೆಟ್ಟಿತ್ತು. ಸರಿಪಡಿಸಲು 2ರಿಂದ 3 ಕೋಟಿ ಡಾಲರ್ ಬೇಕೆಂದು ಆಗಸ್ಟ್‌ನಲ್ಲಿ ಕಂಪನಿಯೇ ಹೇಳಿತು. ಮರುವರ್ಷದ ಜನವರಿಯಲ್ಲಿ ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಹುದ್ದೆಯಿಂದ ಇಳಿದರು. ಇಷ್ಟಕ್ಕೂ ಸ್ಪೀಕರಿನೊಳಗೆ ಒಂದು ತಂತಿಯೂ ಕಿತ್ತಿರಲಿಲ್ಲ. ಒಂದು ಕಂಪನಿಯ ಎಡವಟ್ಟು ಎಂದು ಇದನ್ನು ಬದಿಗಿಡುವುದು ಸುಲಭ. ಆದರೆ ದಶಕಗಟ್ಟಲೆ ಬಾಳುವ ಭಾಗದ ಬೀಗದ ಕೈಯನ್ನು ನಾಲ್ಕಾರು ವರ್ಷವೂ ನೆಟ್ಟಗೆ ಬಾಳದ ಭಾಗದ ವಶಕ್ಕೆ ಕೊಟ್ಟದ್ದೇ ತೊಂದರೆಯ ಬೇರು ಎಂಬುದು ನನ್ನ ವಾದ.

ಸದ್ದು ಹೊರಡಿಸುವ ಭಾಗ ಹಳೆಯದು, ಸರಳವಾದದ್ದು. ಆಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು. ಸುರುಳಿಯಲ್ಲಿ ಕರೆಂಟ್ ಏರಿಳಿದಂತೆ ಶಂಕು ಹಿಂದುಮುಂದಾಗಿ ಗಾಳಿಯನ್ನು ತಳ್ಳುತ್ತದೆ. ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸ ಮೂಲದಲ್ಲಿ ಇಂದಿಗೂ ಹಾಗೆಯೇ ಇದೆ. ಅಂಚಿನ ಫೋಮ್ ಪುಡಿಯಾದರೆ ಬದಲಿಸಬಹುದು. ಆಂಪ್ಲಿಫೈಯರಿನ ಕೆಪಾಸಿಟರ್ ಒಣಗಿದರೆ ಹೊಸದನ್ನು ಬೆಸೆಯಬಹುದು. 1970ರ ದಶಕದ ಆಂಪ್ಲಿಫೈಯರಿಗೆ ಇಂದಿನ ಫೋನಿನ ಹಾಡನ್ನು ಒಂದು ಕೇಬಲ್ಲು, ಬೇಕಾದರೆ ಒಂದು ಅಡಾಪ್ಟರ್ ಹಾಕಿ ಕೇಳಬಹುದು. ಏಕೆಂದರೆ ಎರಡರ ನಡುವೆ ಹರಿಯುವುದು ಒಂದೆರಡು ವೋಲ್ಟಿನ ಏರಿಳಿತ, ಅಷ್ಟೇ. ಆ ಏರ್ಪಾಡಿಗೆ ಮಾಲೀಕರಿಲ್ಲ, ಆದ್ದರಿಂದ ಅದನ್ನು ಹಿಂತೆಗೆದುಕೊಳ್ಳುವವರೂ ಇಲ್ಲ.

ಹಾಗಾದರೆ ಸಾಫ್ಟ್‌ವೇರ್ ಇಲ್ಲದ್ದನ್ನೇ ಕೊಳ್ಳಿ ಎನ್ನಬಹುದು. ಅದು ಅರ್ಧ ಉತ್ತರ, ಏಕೆಂದರೆ ಕೋಣೆ ಕೋಣೆಯಲ್ಲೂ ಹಾಡು ಒಟ್ಟಿಗೆ ನುಡಿಯಬೇಕಾದರೆ ಸ್ಪೀಕರ್‌ಗಳ ಗಡಿಯಾರಗಳು ಹೊಂದಿಕೊಂಡಿರಬೇಕು. ಅಡುಗೆಮನೆಯ ಸ್ಪೀಕರಿನೊಳಗೆ ಒಂದು ಸ್ಫಟಿಕ ಗಡಿಯಾರ, ಪಡಸಾಲೆಯದರೊಳಗೆ ಇನ್ನೊಂದು. ಎರಡಕ್ಕೂ ಹತ್ತು ಲಕ್ಷದಲ್ಲಿ 50 ಭಾಗದಷ್ಟು ವ್ಯತ್ಯಾಸವಿದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡ್ ಹೆಚ್ಚುಕಡಿಮೆಯಾಗುತ್ತದೆ. 20 ನಿಮಿಷದ ರಾಗಾಲಾಪನೆ ಮುಗಿಯುವ ಹೊತ್ತಿಗೆ ಅಂತರ 60 ಮಿಲಿಸೆಕೆಂಡ್. ಅಷ್ಟರಲ್ಲಿ ಸದ್ದು ಗಾಳಿಯಲ್ಲಿ 20 ಮೀಟರ್ ಸಾಗಿರುತ್ತದೆ. ಬಾಗಿಲಲ್ಲಿ ನಿಂತವರಿಗೆ ಒಂದೊಂದು ಸ್ವರವೂ ಎರಡೆರಡು ಸಲ ಕೇಳುತ್ತದೆ. ಗಡಿಯಾರಗಳನ್ನು ಮತ್ತೆ ಮತ್ತೆ ಹೊಂದಿಸುವ ಸಾಫ್ಟ್‌ವೇರ್ ಇಲ್ಲಿ ಬೇಕೇ ಬೇಕು. ಆದರೆ ಈ ಹೊಂದಾಣಿಕೆ ಮನೆಯೊಳಗಿನ ನೆಟ್‌ವರ್ಕಿನಲ್ಲೇ ಮುಗಿಯುವ ಕೆಲಸ. ಸದ್ದು ಏರಿಸು, ಮುಂದಿನ ಹಾಡು ಹಾಕು ಎಂಬ ಆಜ್ಞೆಗಳೂ ಅಷ್ಟೇ. ಅವು ಕಂಪನಿಯ ಆ್ಯಪ್ಪಿಗೆ, ಲಾಗಿನ್ನಿಗೆ, ದೂರದ ಸರ್ವರಿಗೆ ಜೋತುಬಿದ್ದಿದ್ದರೆ ಅದಕ್ಕೆ ಕಾರಣ ಭೌತವಿಜ್ಞಾನವಲ್ಲ, ವ್ಯಾಪಾರ.

ಕಂಪನಿಗಳ ವಾದ ಪೂರ್ತಿ ಪೊಳ್ಳಲ್ಲ. ಮೆಮರಿ ಸಾಲದ ಹಳೆಯ ಯಂತ್ರಕ್ಕೆ ಹೊಸ ಕೋಡ್ ಹಿಡಿಸುವುದಿಲ್ಲ. ಅಪ್‌ಡೇಟ್ ಕಾಣದ ಯಂತ್ರ ಇಂಟರ್ನೆಟ್ಟಿನಲ್ಲಿದ್ದರೆ ಅಪಾಯ. 2020ರ ಜನವರಿಯಲ್ಲಿ ಇದೇ ಸೋನೋಸ್ ತನ್ನ ಹಳೆಯ ಮಾದರಿಗಳಿಗೆ ಮೇ ತಿಂಗಳಿಂದ ಅಪ್‌ಡೇಟ್ ಇಲ್ಲ ಎಂದಾಗ ಮೆಮರಿ, ವೇಗಗಳ ಕೊರತೆಯನ್ನೇ ಮುಂದಿಟ್ಟಿತ್ತು. ಗ್ರಾಹಕರು ತಿರುಗಿಬಿದ್ದ ಮೇಲೆ ಹಳೆಯವಕ್ಕೆ ಎಸ್1, ಹೊಸವಕ್ಕೆ ಎಸ್2 ಎಂದು ಎರಡು ಆ್ಯಪ್ ಆದವು. ಅಂದರೆ ದಾರಿ ಇತ್ತು, ತುಳಿಯಲು ಬೈಗುಳ ಬೇಕಾಯಿತು! ಭದ್ರತೆಯ ಭಯ ಹೊರಗಿನ ಸಂಪರ್ಕ ಕಡಿಯಲು ಕಾರಣವಾದೀತೇ ಹೊರತು ಮನೆಯೊಳಗೆ ಹಾಡುವುದನ್ನೇ ನಿಲ್ಲಿಸಲು ಅಲ್ಲ. ಕಂಪನಿಯ ಸಾಫ್ಟ್‌ವೇರಿಗೇ ಜೋತುಬೀಳದ ದಾರಿಯೂ ಇದೆ ಎಂಬುದಕ್ಕೆ ಕಂಪ್ಯೂಟರಿಗೆ ಸಿಕ್ಕಿಸುವ ಆಡಿಯೊ ಇಂಟರ್‌ಫೇಸ್‌ಗಳನ್ನು ನೋಡಿ. ಕಂಪನಿಯ ಸ್ವಂತ ಡ್ರೈವರನ್ನೇ ನಂಬಿದ ಎಷ್ಟೋ ದುಬಾರಿ ಪೆಟ್ಟಿಗೆಗಳು ಆಪರೇಟಿಂಗ್ ಸಿಸ್ಟಂ ಬದಲಾದಾಗ ಮೂಲೆ ಸೇರಿದವು. ಯುಎಸ್‌ಬಿ ಆಡಿಯೊ ಕ್ಲಾಸ್ ಎಂಬ ಬಹಿರಂಗ ಮಾನದಂಡಕ್ಕೆ ಒಪ್ಪುವಂಥವು ಆ ಹಂಗಿಲ್ಲದೆ ನಡೆಯುತ್ತವೆ. ಅದರ ಎರಡನೇ ಆವೃತ್ತಿ ವಿಂಡೋಸ್‌ನೊಳಗೇ ಸೇರಿದ್ದು ಮಾತ್ರ 2017ರಲ್ಲಿ, ತೀರಾ ತಡವಾಗಿ.

ಕಾನೂನು ಈಗಷ್ಟೇ ಅಂಬೆಗಾಲಿಡುತ್ತಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್ನೆಟ್ಟಿಗೆ ಜೋಡಿಸುವ ಉಪಕರಣಗಳಿಗೆ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಸಿಗುತ್ತದೆಂದು ತಯಾರಕರು ಮೊದಲೇ ಹೇಳಬೇಕು. ಕನಿಷ್ಠ ಇಷ್ಟು ವರ್ಷ ಎಂಬ ಕಟ್ಟುಪಾಡು ಅಲ್ಲಿಲ್ಲ. ಅವಧಿ ಮುಗಿದ ಮೇಲೂ ಯಂತ್ರ ಮನೆಯೊಳಗೆ ಕೆಲಸ ಮಾಡಬೇಕು, ಬೇರೆಯವರು ಆ್ಯಪ್ ಬರೆಯುವಂತೆ ಅದರ ಆಜ್ಞೆಗಳ ಪಟ್ಟಿಯನ್ನು ಬಹಿರಂಗಪಡಿಸಬೇಕು ಎಂಬ ಮಾತೂ ಇಲ್ಲ. ಅಂಥ ನಿಯಮ ಬರುವವರೆಗೆ ಅಂಗಡಿಯಲ್ಲಿ ವಾಟ್ ಎಷ್ಟು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳುವುದು ಲೇಸು: ಇಂಟರ್ನೆಟ್ ತೆಗೆದರೆ ಇದು ಹಾಡುತ್ತದೆಯೇ? ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಲೈನ್-ಇನ್ ಇದೆಯೇ?