ಜೇಬು ಬಿಟ್ಟು ನೂಲಿಗಿಳಿದ ತಂತಿ

ಹೊಸ ಯಂತ್ರ ಜೇಬಿಗೆ ಹಿಡಿಸದಿದ್ದರೆ ತಿದ್ದಬೇಕಾದ್ದು ಯಂತ್ರವನ್ನೋ, ಜೇಬನ್ನೋ? 1957ರಲ್ಲಿ ಸೋನಿ ಕಂಪನಿ ಜೇಬನ್ನೇ ತಿದ್ದಿತು. ಟಿಆರ್-63 ರೇಡಿಯೊ ಮಾಮೂಲಿ ಶರ್ಟಿನ ಜೇಬಿಗಿಂತ ತುಸು ದೊಡ್ಡದಾಗಿದ್ದರಿಂದ ಮಾರಾಟಗಾರರಿಗೆ ದೊಡ್ಡ ಜೇಬಿನ ಶರ್ಟು ಹೊಲಿಸಿಕೊಟ್ಟೆವು ಎಂದು ಸಂಸ್ಥಾಪಕರಲ್ಲೊಬ್ಬರಾದ ಅಕಿಯೊ ಮೊರಿಟಾ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದಕ್ಕೂ ಮುಂಚೆ, 1954ರಲ್ಲೇ, ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿರುವ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ನಾಲ್ಕು ಟ್ರಾನ್ಸಿಸ್ಟರುಗಳನ್ನು ಹೊತ್ತ ರೀಜೆನ್ಸಿ ಟಿಆರ್-1 ಎಂಬ ಪುಟ್ಟ ರೇಡಿಯೊ 49.95 ಡಾಲರಿಗೆ ಅಂಗಡಿಗೆ ಬಂದಿತ್ತು.

ಆಮೇಲೆ ಉಡುಪಿನವರ ಸರದಿ. 2000ದಲ್ಲಿ ಲಿವೈಸ್ ಮತ್ತು ಫಿಲಿಪ್ಸ್ ಸೇರಿ ಫೋನು, ಹಾಡಿನ ಪೆಟ್ಟಿಗೆ ಎರಡನ್ನೂ ಹೊರುವ ಜಾಕೆಟ್ ಮಾಡಿದವು. ಐಡಾಹೋ ರಾಜ್ಯದ ಸ್ಕಾಟಿವೆಸ್ಟ್ ಕಂಪನಿಯಂತೂ ಒಂದೇ ಅಂಗಿಗೆ ಹತ್ತಾರು ಜೇಬು ಇಟ್ಟು, ಇಯರ್‌ಫೋನಿನ ತಂತಿಗೆ ಒಳಪದರದಲ್ಲಿ ದಾರಿ ಬಿಟ್ಟಿತು. ಜೇಬು ಹೆಚ್ಚಿಸುವುದು ದರ್ಜಿಗೆ ಕಷ್ಟವಲ್ಲ. ಕಷ್ಟ ಇರುವುದು ತಂತಿಯಲ್ಲಿ. ತಾಮ್ರವನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ಗಡುಸಾಗುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ತುಂಡಾಗುತ್ತದೆ. ಅಂಗಿಯೋ, ದಿನವಿಡೀ ಬಗ್ಗುವ ವಸ್ತು. ಸಾಲದ್ದಕ್ಕೆ ವಾಷಿಂಗ್ ಮಷೀನಿನ ಹಿಂಡಾಟ ಬೇರೆ.

ಇದಕ್ಕೊಂದು ಸೊಗಸಾದ ಉತ್ತರ ಸಿಕ್ಕಿದ್ದು ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಮತ್ತೆಯೊ ಪಾಸ್ಕ್ವಾಲಿ ಅವರ ತಂಡ ಇಂಗಾಲದ ಅತಿಸೂಕ್ಷ್ಮ ಕೊಳವೆಗಳಾದ ನ್ಯಾನೊಟ್ಯೂಬುಗಳನ್ನು ಪ್ರಬಲ ಆಮ್ಲದಲ್ಲಿ ಕರಗಿಸಿ, ಸಣ್ಣ ರಂಧ್ರದಿಂದ ಶ್ಯಾವಿಗೆಯಂತೆ ಒತ್ತಿ ಎಳೆ ತೆಗೆಯುತ್ತದೆ. ಕೊಳವೆಗಳೆಲ್ಲ ಒಂದೇ ದಿಕ್ಕಿಗೆ ಒತ್ತಾಗಿ ಜೋಡಿಸಿಕೊಳ್ಳುವುದರಿಂದ ಎಳೆಯಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಬಗ್ಗಿಸಿದರೂ ಸುಲಭಕ್ಕೆ ತುಂಡಾಗದು. ಆದರೆ ಎಳೆಯ ದಪ್ಪ 22 ಮೈಕ್ರಾನ್ ಮಾತ್ರ. ಹೊಲಿಗೆ ಯಂತ್ರ ಅದನ್ನು ಹಿಡಿಯಲಾರದು. ಆಗ ನೆರವಿಗೆ ಬಂದದ್ದು, ನಂಬಿದರೆ ನಂಬಿ, ಹಡಗಿನ ಪುಟ್ಟ ಮಾದರಿಗಳಿಗೆ ಹಗ್ಗ ಹೊಸೆಯುವ ಪುಟ್ಟ ಯಂತ್ರ! ಏಳೇಳು ಎಳೆಯ ಮೂರು ಕಟ್ಟುಗಳನ್ನು ಹೊಸೆದಾಗ ಮಾಮೂಲಿ ಹೊಲಿಗೆ ದಾರದಷ್ಟೇ ದಪ್ಪ ಬಂತು.

ಆ ದಾರದಿಂದ ಆಟೋಟದ ಬನಿಯನ್ನಿನ ಮೇಲೆ ಅಂಕುಡೊಂಕಾಗಿ ಹೊಲಿದರು. ಬಟ್ಟೆ ಹಿಗ್ಗಿದಾಗ ದಾರ ಜಗ್ಗಬಾರದಲ್ಲ. ಎದೆಗೆ ತಾಗುವ ದಾರವೇ ಗುಂಡಿಗೆಯ ವಿದ್ಯುತ್ ಸಂಕೇತವನ್ನು ಹಿಡಿದು, ತಾನೇ ತಂತಿಯಾಗಿ ಬ್ಲೂಟೂತ್ ಪೆಟ್ಟಿಗೆಗೆ ಮುಟ್ಟಿಸುತ್ತದೆ. 2021ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಅಂಗಿಯ ಇಸಿಜಿ, ಎದೆಪಟ್ಟಿಯ ಮಾಪಕಕ್ಕಿಂತ ತುಸು ಚೆನ್ನಾಗಿಯೇ ಮೂಡಿತು. ಒಗೆದರೂ ಕೆಡಲಿಲ್ಲ. ಮೈಗೆ ಅಂಟಿಕೊಂಡಿರಬೇಕು ಎಂಬುದೊಂದೇ ಕರಾರು. ದೊಗಲೆ ಅಂಗಿಯ ನನ್ನಂಥವರಿಗೆ ಇದು ಕಿರಿಕಿರಿಯೇ.

ಹೊಲಿಯಲಾಗದೆ ಉಳಿದದ್ದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿಗೆ ಬುನಾದಿ ಹಾಕಿದವರಲ್ಲೊಬ್ಬರಾದ ಜಾನ್ ಗುಡಿನಫ್ 1986ರಿಂದ ಟೆಕ್ಸಸ್ ರಾಜ್ಯದ್ದೇ ಆದ ಆಸ್ಟಿನ್‌ನಲ್ಲಿ ದುಡಿದು, 97ರ ವಯಸ್ಸಿನಲ್ಲಿ ನೊಬೆಲ್ ಪಡೆದರು. ಆ ಬ್ಯಾಟರಿ ಹಗುರವೇನೋ ಹೌದು. ಆದರೆ ಒಳಗಿನ ಲಿಥಿಯಂಗೆ ನೀರು ಆಗದು, ಮಡಚಿದರೆ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುವ ಅಪಾಯ. ಹಾಗಾಗಿ ದಾರವೇ ತಂತಿಯಾದ ಅಂಗಿಗೂ ಬ್ಯಾಟರಿ ಇಡಲು ಒಂದು ಜೇಬು ಬೇಕೇ ಬೇಕು.