ಸವಣೂರಿನ ನವಾಬ, ಲಂಡನ್ನಿನ ನೇಬಾಬ್

‘ಏನಲೇ, ನವಾಬನಂಗ ಕಾಲಮ್ಯಾಲ ಕಾಲ ಹಾಕ್ಕೊಂಡು ಕುಂತೀಯಲ್ಲ!’ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಕಡೆಯ ಮನೆಗಳಲ್ಲಿ ಕೆಲಸಗಳ್ಳ ಮಗನ ಮೇಲೆ ಬೀಳುವ ಬೈಗುಳವಿದು. ಸವಣೂರಿನಲ್ಲಿ ಇದೇ ಮಾತಿಗೆ ತುಸು ಬೇರೆ ರುಚಿ. ಯಾಕೆಂದರೆ ಅಲ್ಲಿ ನಿಜವಾದ ನವಾಬರೇ ಇದ್ದರು, 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದೊಳಗೆ ಸೇರಿಹೋಗುವವರೆಗೆ.

ಇಂಗ್ಲಿಷಿನಲ್ಲೂ ಇದೇ ಪದ ಇದೆ. ಅಲ್ಲಿ ಅದರ ಉಚ್ಚಾರ ‘ನೇಬಾಬ್’. ಹಳೆಯ ಇಂಗ್ಲಿಷ್ ಕಾದಂಬರಿ ಓದಿದವರಿಗೆ ಗೊತ್ತಿರಬಹುದು, ಅಲ್ಲಿನ ನೇಬಾಬ್‌ಗೆ ಗಡ್ಡವೂ ಇಲ್ಲ, ಪೇಟವೂ ಇಲ್ಲ. ಆತ ಹಿಂದೂಸ್ತಾನದಲ್ಲಿ ದುಡ್ಡು ಬಾಚಿಕೊಂಡು ಊರಿಗೆ ಮರಳಿದ ಕೆಂಪು ಮುಖದ ಇಂಗ್ಲಿಷಿನವ. ಪದ ಹೇಗೆ ನವಾಬನ ಹೆಗಲಿಂದ ಇಳಿದು ಅವನನ್ನು ದೋಚಿದವನ ಹೆಗಲೇರಿತು? ಆ ಕಥೆಯ ಒಂದು ತುದಿ ಸವಣೂರಿನಲ್ಲಿದೆ.

ಮೂಲ ಅರಬ್ಬಿಯದು. ‘ನಾಯಬ್’ ಎಂದರೆ ಇನ್ನೊಬ್ಬನ ಬದಲಿಗೆ ನಿಂತವನು, ಪ್ರತಿನಿಧಿ. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳಿಗೆ ‘ನಾಯಬ್ ಸುಬೇದಾರ್’ ಹೊಸದಲ್ಲ. ಈ ನಾಯಬ್‌ನ ಬಹುವಚನವೇ ನವಾಬ್. ನಾವು ಹಿರಿಯರನ್ನು ‘ಅವನು’ ಅನ್ನದೆ ‘ಅವರು’ ಅನ್ನುವ ಹಾಗೆ, ಒಬ್ಬನೇ ಅಧಿಕಾರಿಯನ್ನು ಬಹುವಚನದಲ್ಲಿ ಕರೆದು ಗೌರವ ತೋರಿಸಿದರು. ಕನ್ನಡ ಅದಕ್ಕೆ ತನ್ನದೊಂದು ‘ರು’ ಬೇರೆ ಹಚ್ಚಿ ‘ನವಾಬರು’ ಎಂದಿತು. ಗೌರವದ ಮೇಲೆ ಗೌರವ! ಆದರೆ ಎಷ್ಟು ‘ರು’ ಹಚ್ಚಿದರೂ ಹುದ್ದೆ ಪ್ರತಿನಿಧಿಯದೇ. ಕಂದಾಯ ಎತ್ತುವುದು ಬಾದಶಹನ ಹೆಸರಿನಲ್ಲಿ, ದಂಡು ಸಾಕುವುದೂ ಅವನ ಹೆಸರಿನಲ್ಲಿ.

ಸವಣೂರಿನ ಮನೆತನ ಶುರುವಾದದ್ದೇ ಹಾಗೆ. ಇವರು ಮಿಯಾನ ಪಠಾಣರು, ಬಿಜಾಪುರದ ಆದಿಲಶಾಹಿಯ ಸರದಾರರು. 1686ರಲ್ಲಿ ಬಿಜಾಪುರ ಬಿದ್ದಾಗ ಅಬ್ದುಲ್ ರವೂಫ್ ಖಾನ್ ಔರಂಗಜೇಬನ ಕಡೆ ಸೇರಿದ. ಬಂಕಾಪುರ, ತೊರಗಲ್ಲು, ಆಜಮ್‌ನಗರ ಎಂದು ಆಗ ಕರೆಸಿಕೊಳ್ಳುತ್ತಿದ್ದ ಬೆಳಗಾವಿ, ಇಷ್ಟೂ ಸೀಮೆ ಆತನ ಕೈಗೆ ಬಂತು. ಈಗ ಶಿಗ್ಗಾಂವಿ ತಾಲ್ಲೂಕಿನಲ್ಲಿರುವ ಬಂಕಾಪುರದ ಕೋಟೆ ಮೊದಲ ಗಾದಿ, ಆಮೇಲೆ ಸವಣೂರು. ಬಿಜಾಪುರಕ್ಕೆ, ಮೊಗಲರಿಗೆ, ನಿಜಾಮನಿಗೆ, ಪೇಶ್ವೆಗೆ, ಮೈಸೂರಿನ ಹೈದರನಿಗೆ, ಕೊನೆಗೆ ಇಂಗ್ಲಿಷರಿಗೆ ತಲೆಬಾಗುತ್ತ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮನೆತನ ಉಳಿಯಿತು. ಹೇಡಿತನ ಎನ್ನುವುದು ಸುಲಭ. ಸುತ್ತ ನಾಲ್ಕು ದೊಡ್ಡ ದಂಡುಗಳು ವರ್ಷಕ್ಕೊಮ್ಮೆ ಹೊಲ ತುಳಿಯುವ ಕಾಲದಲ್ಲಿ ಉಳಿಯುವುದೂ ಒಂದು ವಿದ್ಯೆ ಎಂದು ನನ್ನ ಲೆಕ್ಕ.

ಇಂಗ್ಲಿಷರಿಗೆ ಈ ಪದ ಹದಿನೇಳನೆಯ ಶತಮಾನದ ಆರಂಭದಲ್ಲೇ ಪೋರ್ಚುಗೀಸರ ಬಾಯಿಂದ ದಾಟಿತು. ‘ವ’ ಹೋಗಿ ‘ಬ’ ಬಂದದ್ದು ಆ ದಾರಿಯಲ್ಲಿ. ನೂರೈವತ್ತು ವರ್ಷ ಅದಕ್ಕೆ ನಮ್ಮಲ್ಲಿದ್ದ ಅರ್ಥವೇ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಇತಿಹಾಸಕಾರ ರಾಬರ್ಟ್ ಓರ್ಮ್ ಕಡಪ, ಕರ್ನೂಲು, ಸವಣೂರಿನ ಮೂವರು ಪಠಾಣ ನೇಬಾಬರ ಬಗ್ಗೆ ಬರೆಯುತ್ತಾನೆ. 1750ರ ಡಿಸೆಂಬರಿನಲ್ಲಿ ನಿಜಾಮ ನಾಸಿರ್ ಜಂಗ್‌ನನ್ನು ಮುಗಿಸಿದ ಒಳಸಂಚು ಇವರದೇ. ಕೆಲವೇ ವಾರಗಳಲ್ಲಿ, ತಾವೇ ಗಾದಿಗೇರಿಸಿದ ಹೊಸ ನಿಜಾಮನ ಜೊತೆ ಜಗಳವಾಗಿ, ಸವಣೂರಿನ ನವಾಬ ಕಾಳಗದಲ್ಲಿ ಸತ್ತ. ದಖ್ಖನಿನ ಗಾದಿಯ ಹಣೆಬರಹ ತಿದ್ದುವಷ್ಟು ಗಟ್ಟಿ ಹೆಸರಾಗಿತ್ತು ಆಗ ಅದು.

ಇಳಿಜಾರು ಅಷ್ಟರಲ್ಲೇ ಶುರುವಾಗಿತ್ತು. 1747ರ ಒಪ್ಪಂದದಲ್ಲಿ ನವಾಬ ಧಾರವಾಡ, ಗದಗ, ನವಲಗುಂದದ ಕಡೆಯ ಸೀಮೆಯನ್ನು ಪೇಶ್ವೆಗೆ ಬಿಟ್ಟುಕೊಟ್ಟಿದ್ದ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಮತ್ತು ನಿಜಾಮ ಕೂಡಿ ಸವಣೂರಿಗೆ ಮುತ್ತಿಗೆ ಹಾಕಿದರು. ನಿಜಾಮನ ಜೊತೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು. ನವಾಬ ಶರಣಾದ, ದಂಡ ತೆರಲು ಮತ್ತಷ್ಟು ಸೀಮೆ ಕಳೆದುಕೊಂಡ. ಮರುವರ್ಷ, 1757ರ ಜೂನಿನಲ್ಲಿ, ಬಂಗಾಳದ ಪ್ಲಾಸಿಯಲ್ಲಿ ಇನ್ನೊಬ್ಬ ನವಾಬ ಸೋತ. ಅವನನ್ನು ಸೋಲಿಸಿದ ರಾಬರ್ಟ್ ಕ್ಲೈವ್ 1760ರಲ್ಲಿ ಊರಿಗೆ ಮರಳಿದಾಗ ಇಂಗ್ಲೆಂಡಿನ ದೊಡ್ಡ ಸಾಹುಕಾರರಲ್ಲಿ ಒಬ್ಬನಾಗಿದ್ದ. ಬಂಗಾಳದ ಹೊಸ ನವಾಬ ಮೀರ್ ಜಾಫರ್ ಕೊಟ್ಟ ಜಾಗೀರಿನಿಂದಲೇ ವರ್ಷಕ್ಕೆ 27,000 ಪೌಂಡು.

ಪದ ಹೊರಳಿದ್ದು ಇಲ್ಲಿ. ಗುಮಾಸ್ತನಾಗಿ ಹೋಗಿ ಕುಬೇರನಾಗಿ ಬಂದ ಕ್ಲೈವ್‌ನಂಥವರನ್ನು ಲಂಡನ್ನಿನ ಜನ ‘ನೇಬಾಬ್’ ಎಂದು ಕರೆಯತೊಡಗಿದರು. ಮೆಚ್ಚುಗೆಯಿಂದ ಕರೆದದ್ದಲ್ಲ. ಇವರು ಹಳೆಯ ಜಮೀನ್ದಾರರ ಎಸ್ಟೇಟುಗಳನ್ನು ಕೇಳಿದ ಬೆಲೆಗೆ ಕೊಳ್ಳುತ್ತಿದ್ದರು, ಓಟು ಕೊಂಡು ಪಾರ್ಲಿಮೆಂಟಿಗೆ ನುಗ್ಗುತ್ತಿದ್ದರು. ಹಣದ ಮೂಲ ಕೇಳಿದರೆ ಬಂಗಾಳ ಎನ್ನುತ್ತಿದ್ದರು. ಅದೇ ಬಂಗಾಳ 1769-70ರಲ್ಲಿ ಘೋರ ಬರಕ್ಕೆ ಸಿಕ್ಕಿ ಲಕ್ಷಗಟ್ಟಲೆ ಜನ ಸತ್ತ ಸುದ್ದಿ ಲಂಡನ್ನಿಗೂ ಮುಟ್ಟಿತ್ತು. 1772ರಲ್ಲಿ ಸ್ಯಾಮ್ಯುಯೆಲ್ ಫೂಟ್ ಎಂಬ ನಟ ‘ದಿ ನೇಬಾಬ್’ ಎಂಬ ನಾಟಕವನ್ನೇ ಆಡಿದ. ಅದರ ನಾಯಕ ಸರ್ ಮ್ಯಾಥ್ಯೂ ಮೈಟ್ ಬಡವಾದ ಕುಲೀನ ಮನೆಯೊಂದನ್ನು ಸಾಲದಲ್ಲಿ ಸಿಕ್ಕಿಸಿ, ಮಗಳನ್ನು ಕೊಡಿ ಎಂದು ಕೂರುತ್ತಾನೆ. ಅದೇ ವರ್ಷ ಕಂಪನಿ ದಿವಾಳಿಯ ಅಂಚಿಗೆ ಬಂದು ಸರ್ಕಾರದ ಮುಂದೆ ಕೈಚಾಚಿತು, ಮರುವರ್ಷ 14 ಲಕ್ಷ ಪೌಂಡು ಸಾಲ ಪಡೆಯಿತು. ಕಂಪನಿ ಬರಿಗೈ, ಕಂಪನಿಯ ನೌಕರರು ಧನಿಕರು! ಪಾರ್ಲಿಮೆಂಟು ಕ್ಲೈವ್‌ನನ್ನು ವಿಚಾರಣೆಗೆ ಎಳೆಯಿತು. ತಾನು ತೋರಿದ ಸಂಯಮ ಕಂಡು ತನಗೇ ಅಚ್ಚರಿ ಎಂದು ಆತ ಉತ್ತರ ಕೊಟ್ಟನಂತೆ. ‘ಲೂಟಿ’ ಎಂಬ ನಮ್ಮ ಪದ ‘ಲೂಟ್’ ಆಗಿ ಇಂಗ್ಲಿಷಿಗೆ ಹೋದದ್ದೂ ಅದೇ ಶತಮಾನದಲ್ಲಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಪದದ ಎರಡು ಮುಖ ಒಂದೇ ಕಡೆ ಎದುರಾದದ್ದು 1785ರ ಫೆಬ್ರುವರಿಯಲ್ಲಿ. ಎಡ್ಮಂಡ್ ಬರ್ಕ್ ಪಾರ್ಲಿಮೆಂಟಿನಲ್ಲಿ ಆರ್ಕಾಟಿನ ನವಾಬನ ಸಾಲಗಳ ಮೇಲೆ ಗಂಟೆಗಟ್ಟಲೆ ಮಾತಾಡಿದ. ಸಾಲಗಾರ ಆರ್ಕಾಟಿನ ನೇಬಾಬ್. ಸಾಲ ಕೊಟ್ಟು ಬಡ್ಡಿ ಹಿಂಡುತ್ತಿದ್ದವರು ಮದ್ರಾಸಿನ ಕಂಪನಿ ನೌಕರರು, ಅಂದರೆ ಊರಿಗೆ ಮರಳಿ ನೇಬಾಬರಾಗಲಿದ್ದವರು. ಆ ಬಡ್ಡಿ ಕೊನೆಗೆ ಹೊರಡುತ್ತಿದ್ದುದು ರೈತನ ಹೊಲದಿಂದಲೇ.

ಈ ಹೊತ್ತಿಗೆ ಸವಣೂರಿನಲ್ಲಿ ಏನಿತ್ತು? ನವಾಬ ಅಬ್ದುಲ್ ಹಕೀಂ ಖಾನ್ ಹೈದರನ ಜೊತೆ ಬೀಗತನ ಬೆಳೆಸಿದ್ದ. 1779ರಲ್ಲಿ ಹೈದರನ ಮಗನಿಗೆ ಸವಣೂರಿನ ಹೆಣ್ಣು, ಹೈದರನ ಮಗಳು ಸವಣೂರಿಗೆ. ಬೀಗತನ ಕಪ್ಪದ ಬಾಕಿಯನ್ನು ತಡೆಯಲಿಲ್ಲ. ಟಿಪ್ಪು ಬಾಕಿ ಕೇಳಿದ, ಕೊಡಲಾಗದೆ ನವಾಬ ಮರಾಠರ ಪಾಳೆಯಕ್ಕೆ ಓಡಿದ, 1786ರಲ್ಲಿ ಟಿಪ್ಪುವಿನ ದಂಡು ಸವಣೂರಿಗೆ ನುಗ್ಗಿತು. ಆಮೇಲೆ ನವಾಬ ಪೇಶ್ವೆಯ ಪಿಂಚಣಿದಾರ. 1800ರ ಜುಲೈನಲ್ಲಿ ಬಂಡುಕೋರ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಆರ್ಥರ್ ವೆಲ್ಲೆಸ್ಲಿ ಸವಣೂರಿನಲ್ಲಿ ಬೀಡುಬಿಟ್ಟ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಅವನ ಮಧ್ಯಸ್ಥಿಕೆಯಿಂದ ಮನೆತನಕ್ಕೆ ವರ್ಷಕ್ಕೆ 48,000 ರೂಪಾಯಿ ಹುಟ್ಟುವ 25 ಹಳ್ಳಿಗಳು ಗಟ್ಟಿಯಾದವು. ಹೋಲಿಸಿ ನೋಡಿ. ಆಗಿನ ಒಂದು ಪೌಂಡಿಗೆ ಎಂಟು ರೂಪಾಯಿ ಎಂದು ಹಿಡಿದರೂ, ನಿಜವಾದ ನವಾಬನ ಇಡೀ ಸಂಸ್ಥಾನದ ಹುಟ್ಟುವಳಿ ಕ್ಲೈವ್‌ನ ಜಾಗೀರೊಂದರ ಕಾಲು ಭಾಗವೂ ಇಲ್ಲ. ಸಂಪತ್ತು ಹೋದ ದಿಕ್ಕಿಗೇ ಬಿರುದೂ ಹೋಗಿತ್ತು.

1818ರ ಸುಮಾರಿಗೆ ಸುತ್ತಲಿನ ಸೀಮೆ ಕಂಪನಿಯ ಧಾರವಾಡ ಕಲೆಕ್ಟರನ ಕೆಳಗೆ ಬಂತು. ಮುಂದೆ ಮುಂಬಯಿ ಪ್ರಾಂತದಲ್ಲಿ ಇಂದಿನ ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿಯಾಯಿತು, ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನ ಕಚೇರಿ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಮೇಲೆ ಹೋಗಿ ಚೆನ್ನಮ್ಮನ ಸೈನ್ಯದ ಕೈಯಲ್ಲಿ ಸತ್ತದ್ದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅವನ ಅಣ್ಣನ ಮಗ ಕಾದಂಬರಿಕಾರ ವಿಲಿಯಂ ಥ್ಯಾಕರೆ ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಆತನ ‘ವ್ಯಾನಿಟಿ ಫೇರ್’ ಕಾದಂಬರಿಯಲ್ಲಿ ಜಾಸ್ ಸೆಡ್ಲಿ ಎಂಬ ಕಲೆಕ್ಟರ್ ಬರುತ್ತಾನೆ. ಹೊಟ್ಟೆಬಾಕ, ಹೆದರುಪುಕ್ಕ, ಬಣ್ಣಬಣ್ಣದ ಅಂಗಿಯ ಷೋಕಿಲಾಲ. ಫೂಟ್‌ನ ನಾಟಕದಲ್ಲಿ ಭಯ ಹುಟ್ಟಿಸಿದ್ದ ನೇಬಾಬ್ 1848ರ ಹೊತ್ತಿಗೆ ನಗೆಪಾಟಲಿನ ಪಾತ್ರ.

ಅಮೆರಿಕಕ್ಕೆ ಹೋದ ಮೇಲೆ ಪದಕ್ಕೆ ಹಿಂದೂಸ್ತಾನದ ನೆನಪೇ ಅಳಿಸಿತು. ಅಲ್ಲಿ ನೇಬಾಬ್ ಎಂದರೆ ಬರೀ ದೊಡ್ಡ ಕುಳ. ಸ್ಯಾನ್ ಫ್ರಾನ್ಸಿಸ್ಕೋದ ಶ್ರೀಮಂತರ ಬೆಟ್ಟ ‘ನಾಬ್ ಹಿಲ್’ ಹೆಸರಿನಲ್ಲೂ ಈ ನೇಬಾಬ್ ಅಡಗಿದ್ದಾನೆ ಎನ್ನುವವರಿದ್ದಾರೆ. 1970ರಲ್ಲಿ ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ಟೀಕಾಕಾರರನ್ನು ‘ನ್ಯಾಟರಿಂಗ್ ನೇಬಾಬ್ಸ್ ಆಫ್ ನೆಗೆಟಿವಿಸಂ’ ಎಂದು ಜರೆದ. ಭಾಷಣ ಬರೆದುಕೊಟ್ಟ ವಿಲಿಯಂ ಸಫೈರ್‌ಗೆ ಬೇಕಿದ್ದದ್ದು ‘ನ’ಕಾರದ ಪ್ರಾಸ, ಅಷ್ಟೇ.

ಇಂಗ್ಲಿಷಿನ ಬೈಗುಳಕ್ಕೂ ನಮ್ಮ ಬೈಗುಳಕ್ಕೂ ಒಂದು ವ್ಯತ್ಯಾಸವಿದೆ. ಲಂಡನ್ನಿನವರು ಬೈದದ್ದು ಏಕಾಏಕಿ ಮೇಲೇರಿದವನನ್ನು. ನಮ್ಮ ಹಳ್ಳಿಯವರು ಆಡಿಕೊಳ್ಳುವುದು ಕೈಯಲ್ಲಿ ಕಾಸಿಲ್ಲದಿದ್ದರೂ ಗತ್ತು ಬಿಡದವನನ್ನು. ಇಲ್ಲಿನ ಜನ ಕಣ್ಣಾರೆ ಕಂಡ ನವಾಬಗಿರಿ ಆ ಕೊನೆಯ ಕಾಲದ್ದೇ ಆದ್ದರಿಂದ ಹೀಗಾಗಿರಬಹುದು. ಆ ಗತ್ತಿನ ಜೊತೆ ಒಂದಷ್ಟು ಒಳ್ಳೆಯದೂ ಇತ್ತೆನ್ನಿ. ಸಂಸ್ಥಾನದ ಊರಿನಲ್ಲಿ ಹುಟ್ಟಿ, ಕೊನೆಯ ನವಾಬ ಅಬ್ದುಲ್ ಮಜೀದ್ ಖಾನರ ಹೆಸರಿನ ಮಜೀದ್ ಹೈಸ್ಕೂಲಿನಲ್ಲಿ ಓದಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾದರು, ಆಕ್ಸ್‌ಫರ್ಡಿನಲ್ಲೂ ಓದಿದರು, ಕನ್ನಡಕ್ಕೆ ಜ್ಞಾನಪೀಠವನ್ನೂ ತಂದರು.

ಇಂಗ್ಲಿಷಿನವರು ತಮ್ಮ ನೇಬಾಬರ ಪತ್ರ, ಲೆಕ್ಕ, ವಿಚಾರಣೆಯ ಮಾತು ಎಲ್ಲವನ್ನೂ ಜೋಪಾನ ಮಾಡಿದ್ದಾರೆ. ನಮ್ಮ ನವಾಬನ ಆಳಿಕೆಯಲ್ಲಿ ಉತ್ತವರ, ನೇಯ್ದವರ, ಕಪ್ಪ ತೆತ್ತವರ ಕಾಗದಗಳು ಇನ್ನೂ ಮನೆಯ ಅಟ್ಟಗಳಲ್ಲಿವೆ. ಸವಣೂರು ಸೀಮೆಯ ಹಳ್ಳಿಗಳಲ್ಲಿ ಮೋಡಿ ಲಿಪಿಯಲ್ಲೋ ಪಾರಸಿಯಲ್ಲೋ ಬರೆದ ಹಳೆಯ ಸನದು, ಇನಾಮು ಪತ್ರ ಇದ್ದವರು ಅದನ್ನು ರದ್ದಿಗೆ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯವರಿಗೆ ಒಮ್ಮೆ ತೋರಿಸಿ.