ಕೃತ್ತಿಕೆಯ ಆರು ಚಿಕ್ಕಿ, ರೋಹಿಣಿಯ ಕೆಂಪು

ಸಂಕ್ರಾಂತಿಯ ಹೊತ್ತಿಗೆ, ರಾತ್ರಿ ಎಂಟೂವರೆ ದಾಟಿದ ಮೇಲೆ, ಹುಬ್ಬಳ್ಳಿಯ ವಿದ್ಯಾನಗರದ ಯಾವ ಮನೆಯ ಮಾಳಿಗೆ ಹತ್ತಿದರೂ ಕೃತ್ತಿಕೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಸಿಗುತ್ತದೆ. ನಮ್ಮೂರು ಸಮಭಾಜಕದಿಂದ 15 ಡಿಗ್ರಿ ಉತ್ತರಕ್ಕಿದೆ, ಕೃತ್ತಿಕೆ ಆಕಾಶದಲ್ಲಿ 24 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ನೆತ್ತಿಯಿಂದ ಬರೀ 9 ಡಿಗ್ರಿ ಸರಿದು ದಾಟಿಹೋಗುತ್ತದೆ. ಅದರ ಪೂರ್ವಕ್ಕೆ, ಸ್ವಲ್ಪ ಕೆಳಗೆ, ಕೆಂಪಗೆ ಹೊಳೆಯುವುದು ರೋಹಿಣಿ. ರೋಹಿಣಿಯ ಪಕ್ಕದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕೂತ ಮಂದ ಚಿಕ್ಕಿಗಳ ಗುಂಪಿಗೆ ಹಯಾಡಿಸ್ ಎಂದು ಹೆಸರು.

ಈ ಎರಡು ಗುಂಪುಗಳಿಗೆ ಖಗೋಳ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಜಾಗವಿದೆ. ಡೆನ್ಮಾರ್ಕಿನ ಎಯ್ನಾರ್ ಹರ್ಟ್ಸ್‌ಪ್ರುಂಗ್ 1911ರಲ್ಲಿ ನಕ್ಷತ್ರಗಳ ಪ್ರಕಾಶವನ್ನು ಒಂದು ಅಕ್ಷದಲ್ಲಿ, ಬಣ್ಣವನ್ನು ಇನ್ನೊಂದು ಅಕ್ಷದಲ್ಲಿ ಇಟ್ಟು ನಕ್ಷೆ ಪ್ರಕಟಿಸಿದಾಗ ಆರಿಸಿಕೊಂಡದ್ದು ಇವನ್ನೇ. ಜನರಲ್ಲಿ ಹೆಚ್ಚು ತಪ್ಪು ಕಲ್ಪನೆಗಳು ಬೆಳೆದಿರುವುದೂ ಇವುಗಳ ಸುತ್ತಲೇ. ಕಣ್ಣಿಗೆ ಕಂಡದ್ದನ್ನೇ ಅಳತೆ ಎಂದುಕೊಂಡದ್ದು ಅವುಗಳಲ್ಲಿ ಬಹುತೇಕ ಎಲ್ಲಕ್ಕೂ ಮೂಲ.

“ಕೃತ್ತಿಕಾದಾಗ ಇರೂವು ಆರ ಚಿಕ್ಕಿ”

ಕುಮಾರಸ್ವಾಮಿಗೆ ಹಾಲೂಡಿಸಿದ ಕೃತ್ತಿಕೆ ತಾಯಂದಿರು ಆರು ಮಂದಿ, ಆದ್ದರಿಂದ ಕೃತ್ತಿಕೆಯಲ್ಲಿ ಆರೇ ನಕ್ಷತ್ರ ಎನ್ನುವವರಿದ್ದಾರೆ. ಪಾಶ್ಚಾತ್ಯರ ‘ಏಳು ಸೋದರಿಯರು’ ಕೇಳಿದವರು ಏಳು ಎಂದು ವಾದಿಸುತ್ತಾರೆ. ನಿಜವಾಗಿ ಆ ಗುಚ್ಛದಲ್ಲಿ ಸಾವಿರಕ್ಕೂ ಮಿಕ್ಕಿ ನಕ್ಷತ್ರಗಳಿವೆ. 1610ರಲ್ಲಿ ಗೆಲಿಲಿಯೊ ತನ್ನ ಪುಟ್ಟ ದೂರದರ್ಶಕದಿಂದ ನೋಡಿ ಅಲ್ಲಿ 36 ನಕ್ಷತ್ರಗಳನ್ನು ಗುರುತಿಸಿದ.

ಹಾಗೆಂದು ಆರು ಎಂದ ನಮ್ಮ ಹಿರಿಯರ ಕಣ್ಣನ್ನು ಹಗುರವಾಗಿ ಕಾಣಬಾರದು. ಆ ಎಣಿಕೆ ಎಷ್ಟು ಸರಿ ಎಂಬುದು ಅಂಕಿಗಳನ್ನು ನೋಡಿದಾಗ ತಿಳಿಯುತ್ತದೆ. ನಕ್ಷತ್ರದ ಪ್ರಕಾಶವನ್ನು ಕಾಂತಿಮಾನ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂದ. ಐದು ಅಂಕಿಯ ವ್ಯತ್ಯಾಸವೆಂದರೆ ಸರಿಯಾಗಿ ನೂರು ಪಟ್ಟು ಬೆಳಕು, ಒಂದು ಅಂಕಿಯೆಂದರೆ ಸುಮಾರು ಎರಡೂವರೆ ಪಟ್ಟು. 1856ರಲ್ಲಿ ಈ ಲೆಕ್ಕ ಕಟ್ಟಿಕೊಟ್ಟ ನಾರ್ಮನ್ ಪಾಗ್ಸನ್ ಮುಂದೆ 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದು ಕೊನೆಯವರೆಗೂ ಅಲ್ಲೇ ದುಡಿದ. ಅದೇ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲ್ ಮೂಲಕ ಹಾದು ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಗಿ ನಿಂತಿದೆ.

ಪಾಗ್ಸನ್ನನ ಅಳತೆಯಲ್ಲಿ ಕೃತ್ತಿಕೆಯ ನಕ್ಷತ್ರಗಳು ಹೀಗಿವೆ: ಆಲ್ಸಯೊನಿ 2.87, ಅಟ್ಲಾಸ್ 3.63, ಎಲೆಕ್ಟ್ರಾ 3.70, ಮಾಯಾ 3.87, ಮೆರೋಪಿ 4.18, ಟೇಜಿಟಾ 4.30. ಇಲ್ಲಿಗೆ ಆರಾಯಿತು. ಏಳನೆಯದು ಪ್ಲಿಯೋನಿ, ಅದರ ಕಾಂತಿಮಾನ ಒಮ್ಮೆಲೇ 5.09ಕ್ಕೆ ಜಾರುತ್ತದೆ, ಅಂದರೆ ಆರನೆಯದರ ಅರ್ಧಕ್ಕಿಂತ ಕಡಿಮೆ ಬೆಳಕು. ಸಾಲದ್ದಕ್ಕೆ ಅದು ತನಗಿಂತ ಎಷ್ಟೋ ಉಜ್ವಲವಾದ ಅಟ್ಲಾಸ್‌ನ ಮಗ್ಗುಲಲ್ಲೇ ಕೂತಿದೆ, ಎರಡರ ನಡುವಿನ ಅಂತರ ಹುಣ್ಣಿಮೆಯ ಚಂದ್ರನ ಅಗಲದ ಆರನೇ ಒಂದು ಭಾಗದಷ್ಟು. ಆರರ ನಂತರ ಇರುವ ಈ ದೊಡ್ಡ ಜಾರು ಹಿರಿಯರ ಕಣ್ಣಿಗೆ ಬಿದ್ದಿತ್ತು. ಇಂದು ವಿದ್ಯಾನಗರದ ಬೆಳಕಿನಲ್ಲಿ ಆರು ಎಣಿಸುವುದೇ ಕಷ್ಟ. ಕಲಘಟಗಿ ಕಡೆಯ ಹೊಲದಲ್ಲಿ ಅಮಾವಾಸ್ಯೆಯ ರಾತ್ರಿ ನಿಂತರೆ ಚುರುಕು ಕಣ್ಣಿನವರು ಏಳು ದಾಟುತ್ತಾರೆ.

ಕಾರ್ತಿಕ ಹುಣ್ಣಿಮೆಯಂದು ಕೃತ್ತಿಕೆ ಚಂದ ಕಾಣುತ್ತದೆ ಎಂಬ ಮಾತೂ ಉಂಟು. ಆ ದಿನ ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲೇ ಇರುವುದರಿಂದ ಮಾಸಕ್ಕೆ ಆ ಹೆಸರು ಬಂದಿದೆ, ಅದು ನಿಜ. ಆದರೆ ಅದೇ ಕಾರಣಕ್ಕೆ ಆ ರಾತ್ರಿ ಬೆಳದಿಂಗಳು ಗುಚ್ಛವನ್ನು ಮುಳುಗಿಸಿಬಿಡುತ್ತದೆ. ಮಳೆ ನಕ್ಷತ್ರಗಳದ್ದೂ ಇದೇ ಕಥೆ. ರೋಹಿಣಿ ಮಳೆಯ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ, ಹಾಗಾಗಿ ಮೇ ಕೊನೆಗೆ ಮೋಡವಿಲ್ಲದಿದ್ದರೂ ರೋಹಿಣಿ ಕಾಣುವುದಿಲ್ಲ.

“ಹೆಚ್ಚು ಬೆಳಗೂ ಚಿಕ್ಕಿ ದೊಡ್ಡದು, ಇಲ್ಲಾ ಹತ್ರದ್ದು”

ಇದರಲ್ಲಿ ಅರ್ಧ ಸತ್ಯವಿದೆ, ತೊಡಕೂ ಅಲ್ಲೇ ಇದೆ. ಒಂಟಿ ನಕ್ಷತ್ರವನ್ನು ನೋಡಿದಾಗ ಅದು ಹತ್ತಿರವಿದ್ದು ಬೆಳಗುತ್ತಿದೆಯೋ, ದೂರವಿದ್ದೂ ತನ್ನ ಸ್ವಂತ ಬಲದಿಂದ ಬೆಳಗುತ್ತಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ರೋಹಿಣಿಯೇ ಇದಕ್ಕೆ ಸಾಕ್ಷಿ. ಹಯಾಡಿಸ್ ಗುಂಪಿನ ‘ವಿ’ಯ ಒಂದು ತುದಿಯಲ್ಲಿ ಅದು ಎಷ್ಟು ಸರಿಯಾಗಿ ಕೂತಿದೆಯೆಂದರೆ ಅದನ್ನು ಆ ಗುಂಪಿನ ಯಜಮಾನನೆಂದೇ ಅನೇಕರು ತಿಳಿದಿದ್ದಾರೆ. ಅದು ಆ ಮನೆಯದೇ ಅಲ್ಲ. ಹಯಾಡಿಸ್ ನಮ್ಮಿಂದ ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿದೆ. ರೋಹಿಣಿ ಇರುವುದು 65ರ ಸುಮಾರಿಗೆ, ಅಂದರೆ ಅರ್ಧ ದಾರಿಯೂ ಆಗದೆ. ನಮ್ಮ ನೋಟದ ಸಾಲಿನಲ್ಲಿ ಅದು ಅಡ್ಡ ಬಂದಿದೆ, ಅಷ್ಟೆ.

ನಕ್ಷತ್ರಗುಚ್ಛಗಳ ಬೆಲೆ ಇಲ್ಲಿ ಗೊತ್ತಾಗುತ್ತದೆ. ಒಂದು ಗುಚ್ಛದ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಕೃತ್ತಿಕೆಯ ಎಲ್ಲ ನಕ್ಷತ್ರಗಳೂ ಸುಮಾರು 440 ಜ್ಯೋತಿರ್ವರ್ಷ ಆಚೆ ಇವೆ. ಹಾಗಾಗಿ ಅಲ್ಲಿ ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಬೆಳಗಿದರೆ ಅದರ ನಿಜವಾದ ಪ್ರಕಾಶವೇ ಹತ್ತು ಪಟ್ಟು ಎಂದು ಧೈರ್ಯವಾಗಿ ಹೇಳಬಹುದು. ದೂರ ಎಂಬ ಗೊಂದಲ ಲೆಕ್ಕದಿಂದಲೇ ಹೊರಟುಹೋಗುತ್ತದೆ. ನಮ್ಮ ಸೂರ್ಯನನ್ನು ಕೃತ್ತಿಕೆಯಲ್ಲಿ ಒಯ್ದು ಇಟ್ಟರೆ ಅದರ ಕಾಂತಿಮಾನ ಹತ್ತೂವರೆಗೆ ಇಳಿಯುತ್ತದೆ. ಬರಿಗಣ್ಣಿಗೆ ಅದು ಇಲ್ಲವೇ ಇಲ್ಲ, ಸಣ್ಣ ದೂರದರ್ಶಕ ಬೇಕು. ನಾವು ಎಣಿಸುವ ಆ ಆರು ಎಂಥ ದೈತ್ಯ ದೀಪಗಳೆಂಬುದಕ್ಕೆ ಈ ಒಂದು ಅಂಕಿ ಸಾಕು.

ಇವು ಆಕಸ್ಮಿಕವಾಗಿ ಗುಂಪಾಗಿ ಕಂಡವಲ್ಲ ಎಂಬುದಕ್ಕೆ ಏನು ಆಧಾರ? 1767ರಲ್ಲೇ ಇಂಗ್ಲೆಂಡಿನ ಜಾನ್ ಮಿಚೆಲ್ ಸಂಭವನೀಯತೆಯ ಲೆಕ್ಕ ಹಾಕಿ, ಕೃತ್ತಿಕೆಯಂಥ ದಟ್ಟಣೆ ಆಕಸ್ಮಿಕವಾಗಿ ಒದಗುವ ಸಾಧ್ಯತೆ ಸುಮಾರು ಐದು ಲಕ್ಷಕ್ಕೆ ಒಂದು ಎಂದು ತೋರಿಸಿದ. ಈಗ ಗಾಯಾ ಉಪಗ್ರಹ ಒಂದೊಂದು ನಕ್ಷತ್ರದ ದೂರವನ್ನೂ ಚಲನೆಯನ್ನೂ ಅಳೆದಿದೆ, ಯಾವುದು ಮನೆಯದು, ಯಾವುದು ದಾರಿಹೋಕ ಎಂದು ಬೇರ್ಪಡಿಸುವ ಕೆಲಸ ಸಲೀಸಾಗಿದೆ.

“ಕೆಂಪ ಚಿಕ್ಕಿ ಬಾಳ ಬಿಸಿ, ನೀಲಿದು ತಂಪ”

ಬಚ್ಚಲಮನೆಯ ನಲ್ಲಿಯ ಮೇಲೆ ಬಿಸಿನೀರಿಗೆ ಕೆಂಪು ಗುರುತು, ತಣ್ಣೀರಿಗೆ ನೀಲಿ ಗುರುತು ನೋಡಿ ಬೆಳೆದವರಿಗೆ ಇದು ಸಹಜವಾಗಿ ಬರುವ ತಪ್ಪು. ನಕ್ಷತ್ರಗಳಲ್ಲಿ ಪೂರ್ತಿ ತಿರುಗುಮುರುಗು. ಕಮ್ಮಾರನ ಕುಲುಮೆಯ ಕಬ್ಬಿಣ ಮೊದಲು ಕೆಂಪಗಾಗಿ, ಕಾವು ಏರಿದಂತೆ ಹಳದಿಗೆ, ಆಮೇಲೆ ಬೆಳ್ಳಗೆ ತಿರುಗುವ ಹಾಗೆ, ನಕ್ಷತ್ರವೂ ಬಿಸಿಯಾದಷ್ಟೂ ಬಿಳಿ-ನೀಲಿಯ ಕಡೆ ಸರಿಯುತ್ತದೆ. ರೋಹಿಣಿಯ ಮೇಲ್ಮೈ ಸುಮಾರು 3,900 ಕೆಲ್ವಿನ್, ಸೂರ್ಯನದು 5,772, ಆಲ್ಸಯೊನಿಯದು 12 ಸಾವಿರಕ್ಕೂ ಮೇಲೆ.

ಈ ಬಣ್ಣವನ್ನು ‘ತಿಳಿನೀಲಿ’, ‘ಕಿತ್ತಳೆ’ ಎಂದು ಮಾತಿನಲ್ಲಿ ಬರೆದರೆ ಕೆಲಸಕ್ಕೆ ಬರುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದೇ ಕಡಿಮೆ, ಅದರ ಮೇಲೆ ಒಬ್ಬರ ಕಿತ್ತಳೆ ಇನ್ನೊಬ್ಬರ ಹಳದಿ. ಆದ್ದರಿಂದ ಒಂದೇ ನಕ್ಷತ್ರವನ್ನು ಎರಡು ಫಿಲ್ಟರ್‌ಗಳ ಮೂಲಕ ಅಳೆಯುತ್ತಾರೆ: ನೀಲಿ ಬೆಳಕು ಬಿಡುವ ‘ಬಿ’, ಹಸಿರು-ಹಳದಿ ಬಿಡುವ ‘ವಿ’. ಜಾನ್ಸನ್ ಮತ್ತು ಮಾರ್ಗನ್ 1953ರಲ್ಲಿ ಇದನ್ನು ವ್ಯವಸ್ಥಿತಗೊಳಿಸಿದರು. ‘ಬಿ’ ಕಾಂತಿಮಾನದಿಂದ ‘ವಿ’ಯನ್ನು ಕಳೆದರೆ ಬರುವುದೇ ಬಣ್ಣದ ಅಂಕಿ. ಅಭಿಜಿತ್ ನಕ್ಷತ್ರಕ್ಕೆ ಅದು ಸೊನ್ನೆ, ಆಲ್ಸಯೊನಿಗೆ ಸೊನ್ನೆಗಿಂತ ಕೊಂಚ ಕೆಳಗೆ, ಸೂರ್ಯನಿಗೆ 0.65, ರೋಹಿಣಿಗೆ 1.54. ಈ ಒಂದು ವ್ಯವಕಲನದಿಂದ, ಯಾರೂ ಮುಟ್ಟಲಾಗದ ವಸ್ತುವಿನ ತಾಪಮಾನದ ಅಂದಾಜು ಸಿಗುತ್ತದೆ. ನನಗೆ ಇಡೀ ವಿಜ್ಞಾನದಲ್ಲೇ ಇದಕ್ಕಿಂತ ಸುಂದರವಾದ ಕಳೆಯುವ ಲೆಕ್ಕ ಕಂಡಿಲ್ಲ.

ದಿಗಂತದ ಹತ್ತಿರ ಒಂದು ನಕ್ಷತ್ರ ಕೆಂಪು, ಹಸಿರು, ನೀಲಿ ಎಂದು ಮಿಣುಕುವುದು ಅದರ ಬಣ್ಣವಲ್ಲ, ನಮ್ಮ ಗಾಳಿಯ ಆಟ.

“ನೀಲಿ ಚಿಕ್ಕಿ ಎಳೇವು, ಕೆಂಪೂವು ಮುದುಕ”

ಓದಿಕೊಂಡವರೂ ಹೀಗೆ ಹೇಳುವುದುಂಟು. ಕೃತ್ತಿಕೆಯಲ್ಲಿ ನೀಲಿ ಆಲ್ಸಯೊನಿಯೂ ಇದೆ, ಕಣ್ಣಿಗೆ ಕಾಣದ ನೂರಾರು ಮಂದ ಕೆಂಪು ಕುಬ್ಜಗಳೂ ಇವೆ. ಎಲ್ಲವೂ ಒಂದೇ ಮೋಡದಿಂದ, ಸುಮಾರು 10ರಿಂದ 12 ಕೋಟಿ ವರ್ಷಗಳ ಹಿಂದೆ, ಒಟ್ಟಿಗೇ ಹುಟ್ಟಿದವು. ಬಣ್ಣದ ವ್ಯತ್ಯಾಸಕ್ಕೆ ಇಲ್ಲಿ ಕಾರಣ ತೂಕ. ಹೆಚ್ಚು ತೂಕದವು ಧಗಧಗನೆ ಉರಿದು ನೀಲಿಯಾಗಿವೆ, ಕಡಿಮೆ ತೂಕದವು ನಿಧಾನಕ್ಕೆ ಉರಿದು ಕೆಂಪಾಗಿವೆ.

ವಯಸ್ಸು ತಿಳಿಯಬೇಕಾದರೆ ಒಂದು ನಕ್ಷತ್ರವಲ್ಲ, ಇಡೀ ಗುಚ್ಛದ ಪ್ರಕಾಶ-ಬಣ್ಣದ ನಕ್ಷೆ ಬೇಕು. ಸೂರ್ಯನ ಹತ್ತು ಪಟ್ಟು ತೂಕದ ನಕ್ಷತ್ರ ಎರಡು-ಮೂರು ಕೋಟಿ ವರ್ಷಗಳಲ್ಲಿ ತನ್ನ ಇಂಧನ ತೀರಿಸಿಕೊಳ್ಳುತ್ತದೆ, ಸೂರ್ಯನದು ಒಟ್ಟು ಸಾವಿರ ಕೋಟಿ ವರ್ಷಕ್ಕೆ ಸಾಲುವಂಥದು. ಹಾಗಾಗಿ ಗುಚ್ಛಕ್ಕೆ ವಯಸ್ಸಾದಂತೆ ನಕ್ಷೆಯ ನೀಲಿ ತುದಿ ಮೊದಲು ಖಾಲಿಯಾಗುತ್ತ ಬರುತ್ತದೆ. ಎಲ್ಲಿಯವರೆಗೆ ಖಾಲಿಯಾಗಿದೆ ಎಂಬುದೇ ವಯಸ್ಸು. ಕೃತ್ತಿಕೆಯಲ್ಲಿ ನೀಲಿ ನಕ್ಷತ್ರಗಳು ಇನ್ನೂ ಇವೆ. ಸುಮಾರು 65 ಕೋಟಿ ವರ್ಷದ ಹಯಾಡಿಸ್‌ನಲ್ಲಿ ಅವು ಮುಗಿದಿವೆ, ಕೆಲವು ಕಿತ್ತಳೆ ಬಣ್ಣದ ದೈತ್ಯಗಳಾಗಿ ಉಬ್ಬಿವೆ. ಬೈನಾಕ್ಯುಲರ್ ಇದ್ದವರು ಹಯಾಡಿಸ್‌ನ ‘ವಿ’ ಆಕಾರದಲ್ಲಿನ ಥೀಟಾ ಜೋಡಿಯನ್ನು ನೋಡಬೇಕು: ಒಂದು ಬಿಳಿ, ಇನ್ನೊಂದು ಕಿತ್ತಳೆ. ಒಂದೇ ಗುಚ್ಛ, ಒಂದೇ ವಯಸ್ಸು, ಆದರೆ ಕಿತ್ತಳೆಯದು ಆಗಲೇ ದೈತ್ಯ ಹಂತ ತಲುಪಿದೆ.

ಈ ನಿಯಮಕ್ಕೂ ಒಂದು ಒಗಟು ಎದುರಾಗಿತ್ತು. ಹಳೆಯ ಗುಚ್ಛಗಳಲ್ಲಿ, ಎಂದೋ ಮುಗಿದುಹೋಗಬೇಕಿದ್ದ ನೀಲಿ ಜಾಗದಲ್ಲಿ ಕೆಲವು ನಕ್ಷತ್ರಗಳು ಉಳಿದಿವೆ. ಇವಕ್ಕೆ ಬ್ಲೂ ಸ್ಟ್ರ್ಯಾಗ್ಲರ್ ಎನ್ನುತ್ತಾರೆ. ನೀಲಿ ಎಂದರೆ ಎಳೆಯದು ಎಂದು ನಂಬಿದರೆ ಇವು ಆಮೇಲೆ ಹುಟ್ಟಿದವು ಎನ್ನಬೇಕಾಗುತ್ತದೆ. ಉತ್ತರ ಹುಡುಕುವ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿದ್ದ ಅತಿನೇರಳೆ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಅದು ಮೊದಮೊದಲು ನೋಡಿದ ಗುರಿಗಳಲ್ಲಿ ಧ್ರುವ ನಕ್ಷತ್ರದ ಹತ್ತಿರವಿರುವ ಎನ್‌ಜಿಸಿ 188 ಒಂದು, ಸುಮಾರು 700 ಕೋಟಿ ವರ್ಷ ವಯಸ್ಸಿನ ಗುಚ್ಛ. ಮುಂದೆ ಸಂಸ್ಥೆಯ ನಿರ್ದೇಶಕಿಯಾದ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು ಅಲ್ಲಿನ ಒಂದು ಬ್ಲೂ ಸ್ಟ್ರ್ಯಾಗ್ಲರ್‌ನ ಪ್ರಕಾಶವನ್ನು ಬೇರೆಬೇರೆ ಫಿಲ್ಟರ್‌ಗಳಲ್ಲಿ ಅಳೆದರು. ಅತಿನೇರಳೆಯಲ್ಲಿ ಅದು ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಬೆಳಗುತ್ತಿತ್ತು. ಸುಮಾರು 17 ಸಾವಿರ ಕೆಲ್ವಿನ್ ಬಿಸಿಯ ಜೊತೆಗಾರನೊಂದು ಅದರ ಪಕ್ಕದಲ್ಲಿದೆ ಎಂದು 2016ರಲ್ಲಿ ಪ್ರಕಟಿಸಿದರು. ಆ ಜೊತೆಗಾರ ತನ್ನ ಕೊನೆಗಾಲದಲ್ಲಿ ಹೊರಪದರದ ದ್ರವ್ಯವನ್ನು ನೆರೆಯ ನಕ್ಷತ್ರಕ್ಕೆ ಸುರಿದಿದೆ, ಆ ತೂಕದಿಂದಲೇ ಹಳೆಯ ನಕ್ಷತ್ರ ಹೊಸದರಂತೆ ಕಾಣುತ್ತಿದೆ.

ಹೊಸಕೋಟೆಯ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ಖಗೋಳ ವಿಜ್ಞಾನಿ ಎಂದರೆ ರಾತ್ರಿಯಿಡೀ ದೂರದರ್ಶಕಕ್ಕೆ ಕಣ್ಣು ಹಚ್ಚಿ ಕೂರುವವರು ಎಂಬ ಚಿತ್ರ ಹಳೆಯದಾಯಿತು. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯ ಕೋಣೆಯಿಂದ, ಉಪಗ್ರಹದ ಸಂಪರ್ಕದ ಮೂಲಕ.

“ಫೋಟೋದಾಗಿನ ಆ ನೀಲಿ ಮಂಜು ಅವು ಹುಟ್ಟಿದ ಮೋಡ”

ಕೃತ್ತಿಕೆಯ ಬಣ್ಣದ ಫೋಟೋಗಳಲ್ಲಿ ನಕ್ಷತ್ರಗಳ ಸುತ್ತ ಹಬ್ಬಿದ ನೀಲಿ ಹೊಗೆ ಹುಟ್ಟಿದ ಮೋಡದ ಉಳಿಕೆಯಲ್ಲ. ಆ ಹುಟ್ಟುಮೋಡ ಎಂದೋ ಚದುರಿಹೋಗಿದೆ. ಗುಚ್ಛ ಈಗ ಬೇರೆ ಧೂಳಿನ ಮೋಡವೊಂದನ್ನು ಹಾದುಹೋಗುತ್ತಿದೆ, ಫೋಟೋದ ಹೊಗೆ ಅದರದೇ. ಧೂಳು ಅಳತೆಗಾರರಿಗೆ ದೊಡ್ಡ ತಲೆನೋವು. ಅದು ನೀಲಿಯನ್ನು ಹೆಚ್ಚು ಚದುರಿಸಿ, ಹಿಂದಿನ ನಕ್ಷತ್ರವನ್ನು ಮಂದವಾಗಿಯೂ ಕೆಂಪಾಗಿಯೂ ತೋರಿಸುತ್ತದೆ. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ದೂರದ ಗುಚ್ಛಗಳನ್ನು ಅಳೆಯುತ್ತಿದ್ದಾಗಲೇ ಆಕಾಶಗಂಗೆಯ ತುಂಬ ಈ ಧೂಳಿದೆ ಎಂಬುದು ದೃಢವಾಯಿತು. ಅದರ ಪಾಲನ್ನು ಕಳೆಯದೆ ಹೇಳಿದ ಬಣ್ಣ ನಕ್ಷತ್ರದ ಬಣ್ಣವಲ್ಲ.

“ಊರ ಬೆಳಕಿನಾಗ ಏನೂ ಅಳಿಯಾಕ ಬರೂದಿಲ್ಲ”

ವಿದ್ಯಾನಗರದ ಕಿಮ್ಸ್ ಆಸ್ಪತ್ರೆ, ಬಿ.ವಿ.ಬಿ. ಕಾಲೇಜು, ಚಿಗರಿ ಬಸ್ಸಿನ ದಾರಿ, ಇವುಗಳ ದೀಪಗಳ ನಡುವೆ ಕಣ್ಣಿಗೆ ಕಾಣುವುದು ಕಡಿಮೆ, ನಿಜ. ಅಳತೆ ಮಾತ್ರ ಸಾಧ್ಯ, ಏಕೆಂದರೆ ಆಕಾಶದ ಬೆಳಕನ್ನು ಕಳೆಯಬಹುದು. ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಫೋಕಸ್ ಕೊಂಚ ಸಡಿಲಿಸಿ, ಕೆಲವೇ ಸೆಕೆಂಡಿನ ಚಿತ್ರಗಳನ್ನು ರಾ ಕಡತವಾಗಿ ತೆಗೆಯಬೇಕು. ಜೆಪೆಗ್ ಮಾಡಿದರೆ ಕ್ಯಾಮೆರಾ ತನ್ನಿಷ್ಟದಂತೆ ಬೆಳಕನ್ನು ತಿದ್ದಿಬಿಡುತ್ತದೆ. ನಕ್ಷತ್ರದ ಸುತ್ತ ಒಂದು ವೃತ್ತ ಹಾಕಿ ಒಳಗಿನ ಬೆಳಕನ್ನು ಕೂಡಿಸಬೇಕು, ಅದರ ಹೊರಗಿನ ಉಂಗುರದಲ್ಲಿ ಬರೀ ಆಕಾಶದ ಬೆಳಕು ಎಷ್ಟೆಂದು ನೋಡಿ ಕಳೆಯಬೇಕು. ಅದೇ ಚಿತ್ರದಲ್ಲಿರುವ, ಕಾಂತಿಮಾನ ಗೊತ್ತಿರುವ ನಕ್ಷತ್ರದ ಜೊತೆ ಹೋಲಿಸಿದರೆ ಉತ್ತರ ಸಿಕ್ಕಿತು. ಹಸಿರು ಪಿಕ್ಸೆಲ್‌ಗಳು ‘ವಿ’ ಫಿಲ್ಟರ್‌ಗೆ ಹತ್ತಿರ ಬರುತ್ತವೆ. ನೀಲಿಯನ್ನೂ ಹಸಿರನ್ನೂ ಹೋಲಿಸಿದರೆ ಬಣ್ಣದ ಅಂದಾಜೂ ಆಗುತ್ತದೆ. ಕೃತ್ತಿಕೆ ನೆತ್ತಿಯ ಹತ್ತಿರ ಬರುವುದು ನಮಗೆ ಸಿಕ್ಕ ಅನುಕೂಲ, ಅಲ್ಲಿ ಬೆಳಕು ದಾಟಬೇಕಾದ ಗಾಳಿಯ ಪದರ ಎಲ್ಲಕ್ಕಿಂತ ತೆಳು. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿ ಅದು ಎರಡು ಪಟ್ಟಾಗುತ್ತದೆ.

ಶುರು ಮಾಡುವವರಿಗೆ ಪ್ಲಿಯೋನಿಯೇ ಒಳ್ಳೆಯ ಗುರಿ. ವೇಗವಾಗಿ ಗಿರಗಿರನೆ ತಿರುಗುವ ಈ ನಕ್ಷತ್ರ ಆಗಾಗ ಅನಿಲವನ್ನು ಹೊರಚೆಲ್ಲಿ ತನ್ನ ಸುತ್ತ ತಟ್ಟೆ ಕಟ್ಟಿಕೊಳ್ಳುತ್ತದೆ. ಅದರ ಕಾಂತಿಮಾನ ವರ್ಷಗಳ ಅವಧಿಯಲ್ಲಿ 4.8ರಿಂದ 5.5ರವರೆಗೆ ಏರಿಳಿಯುತ್ತದೆ. ಅಟ್ಲಾಸ್ ಪಕ್ಕದಲ್ಲೇ ಇರುವುದರಿಂದ ಎರಡರ ಬೆಳಕು ಬೆರೆಯದಂತೆ 200 ಮಿಲಿಮೀಟರ್ ಲೆನ್ಸ್ ಹಾಕುವುದು ಒಳ್ಳೆಯದು. ಲೆನ್ಸ್ ಉದ್ದವಾದಷ್ಟೂ ಚಿಕ್ಕಿ ಬೇಗ ಗೆರೆಯಾಗಿ ಎಳೆಯುತ್ತದೆ, ಆದ್ದರಿಂದ ಒಂದೊಂದು ಸೆಕೆಂಡಿನ ಹಲವು ಚಿತ್ರಗಳನ್ನು ತೆಗೆದು ಸರಾಸರಿ ನೋಡಬೇಕು. ಹೋಲಿಕೆಗೆ ಮಾಯಾ, ಮೆರೋಪಿ ಅದೇ ಚೌಕಟ್ಟಿನಲ್ಲಿ ಸಿಗುತ್ತವೆ.